ಉರಿಯದ್ದು ಬಾಗಲಿ

ಬೀದಿಯವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎಂದು ಕರೆಯುತ್ತಿದ್ದರು. ಹಲ್ಲು ಉದುರಿದ ಮುದುಕರು ಕೂಡ ಅವಳ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಅವಳಿಗೆ ತಮ್ಮಂದಿರಾಗಿಬಿಡುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಯಾರ ಅಂಗಿಯ ಕಾಲರು ಎಷ್ಟು ಕೊಳೆ, ಯಾರ ಕೋಟಿನ ಒಳಜೇಬಿಗೆ ತೂತು, ಸಭೆಗಳಲ್ಲಿ ಎದೆಯುಬ್ಬಿಸಿ ನಡೆಯುವ ಯಾರ ಪ್ಯಾಂಟಿನ ಹಿಂಭಾಗಕ್ಕೆ ತೇಪೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಇಷ್ಟೊಂದು ಜನರ ಮಾನ ಒಬ್ಬಳ ಕೈಯಲ್ಲಿರುವಾಗ ಅಕ್ಕ ಎನ್ನದೆ ಬೇರೆ ದಾರಿಯಿರಲಿಲ್ಲ.

ಅಂಗಡಿ ಎಂದರೆ ಒಂದೇ ಕೋಣೆ. ಮುಂದೆ ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದ ಬಿಳಿ ಬಟ್ಟೆ. ಹಿಂದೆ ಬಟ್ಟೆ ಒಗೆಯುವ ಎರಡು ಯಂತ್ರಗಳು. ಅವುಗಳಲ್ಲಿ ಹಳೆಯದಕ್ಕೆ ಒಂದು ಚಾಳಿ: ಬಟ್ಟೆ ಹಿಂಡುವಾಗ ಗಡಗಡ ನಡುಗುತ್ತ ನೆಲದ ಮೇಲೆ ತಾನೇ ನಡೆದುಕೊಂಡು ಮೇಜಿನವರೆಗೂ ಬಂದುಬಿಡುತ್ತಿತ್ತು. ಹೊಸ ಗಿರಾಕಿಗಳು ಬೆದರಿ ಹಿಂದೆ ಸರಿದರೆ, "ಏನೂ ಮಾಡಲ್ಲ, ಗುರುತಿನವರು ಬಂದ್ರೆ ಮಾತಾಡಿಸೋಕೆ ಬರುತ್ತೆ" ಎಂದು ಹೇಳಿ ಅದನ್ನು ಮಂಡಿಯಿಂದ ಹಿಂದಕ್ಕೆ ನೂಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಅವಳ ಮಾತಿಗೆ ಎದುರಾಡುತ್ತಿದ್ದುದು ಆ ಯಂತ್ರ ಒಂದೇ.

ಕಲೆಗಳ ವಿಷಯದಲ್ಲಿ ಅವಳು ಉದಾರಿ. ಶಾಯಿಯನ್ನು ಕ್ಷಮಿಸುತ್ತಿದ್ದಳು, ಎಣ್ಣೆಯನ್ನು ಸಹಿಸುತ್ತಿದ್ದಳು, ಹೆಂಡದ ಕಲೆ ಬಂದರೆ ಯಾರಿಗೂ ಹೇಳದೆ ತೊಳೆದು ಕೊಡುತ್ತಿದ್ದಳು. ಅವಳ ಜನ್ಮವೈರಿ ಮೇಣ. ಚರ್ಚಿನ ಪೀಠದ ಹಾಸುಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಸೇವೆ ಅವಳದಾಗಿತ್ತು. ಎಲ್ಲರೂ ಮೇಣದಬತ್ತಿ ಹಿಡಿದು ಕೂರುವ ಕ್ರಿಸ್ಮಸ್ ಪೂಜೆ ಕಳೆದ ಮೇಲೆ ಆ ಹಾಸುಗಳ ಜೊತೆಗೆ ಇಡೀ ಊರಿನ ಕೋಟುಗಳೂ ಮೇಣ ಸುರಿಸಿಕೊಂಡು ಅವಳ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಚಾಕುವಿನ ಬೆನ್ನಿನಿಂದ ಕೆರೆದು, ಕಂದು ಕಾಗದ ಹಾಸಿ, ಮೇಲೆ ಬಿಸಿ ಇಸ್ತ್ರಿ ಒತ್ತಿ, ಬಟ್ಟೆಯಲ್ಲಿರುವ ಮೇಣವನ್ನು ಕಾಗದಕ್ಕೆ ಎಳೆಸುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಸಾಲದ್ದಕ್ಕೆ ಪ್ರತಿಯೊಂದು ಕೋಟಿನ ಜೇಬಿನಲ್ಲೂ ಉರಿದು ಉಳಿದ ಒಂದು ಮೇಣದ ತುಂಡು. ಪೂಜೆ ಮುಗಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜನ ಜೇಬಿಗೆ ಇಳಿಸಿ ಮರೆತುಬಿಡುತ್ತಿದ್ದರು. ಆ ತುಂಡುಗಳನ್ನೆಲ್ಲ ಅವಳು ಒಂದು ದೊಡ್ಡ ಡಬ್ಬಿಯಲ್ಲಿ ಕೂಡಿಹಾಕಿದ್ದಳು, ಪುರಾವೆಗೆಂದು. ಒಮ್ಮೆ ಚರ್ಚಿನ ಸಮಿತಿಯ ಸಭೆಗೆ ನುಗ್ಗಿ ಆ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಇದು ನಿಮ್ಮ ಭಕ್ತಿ, ಇದನ್ನ ಒಗೆಯೋಳು ನಾನು" ಎಂದು ಹೇಳಿ ಬಂದಿದ್ದಳು.

ಆ ಸಭೆಯಿಂದ ಚರ್ಚಿಗೆ ಒಂದು ಕಾನೂನು ದಕ್ಕಿತು. ಮೇಣ ಸೋರದ ಹಾಗೆ ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ಬೆಳಕು ದಾಟಿಸುವುದು ಹೇಗೆ ಎಂದು ಇಸ್ತ್ರಿಯಕ್ಕನೇ ಹೇಳಿಕೊಟ್ಟಳು: ಉರಿಯುವುದು ನೆಟ್ಟಗಿರಲಿ, ಉರಿಯದ್ದು ಬಾಗಲಿ. ಹೊತ್ತಿಸಿಕೊಳ್ಳುವವರು ತಮ್ಮ ಬತ್ತಿಯನ್ನು ಬಾಗಿಸಬೇಕು, ಕೊಡುವವರು ಅಲ್ಲಾಡಬಾರದು. ಪೂಜೆಯ ನಡುವೆ ಯಾರಾದರೂ ತಪ್ಪಿದರೆ ಹಿಂದಿನಿಂದ ಅವಳ ಪಿಸುಮಾತು ಕೇಳಿಸುತ್ತಿತ್ತು. ಅವಳ ಪಿಸುಮಾತು ಎಂದರೆ ಗೋಪುರದ ಗಂಟೆಗಿಂತ ಒಂದು ಕೈ ಕಡಿಮೆ, ಅಷ್ಟೆ.

ಆ ಚರ್ಚಿನಲ್ಲಿ ಕ್ರಿಸ್ಮಸ್ ಪೂಜೆ ಹಿಂದಿನ ದಿನ ಹೊತ್ತು ಮುಳುಗುವಾಗಲೇ ಶುರುವಾಗುತ್ತಿತ್ತು. ಮೊದಲು ದೀಪಗಳನ್ನೆಲ್ಲ ಆರಿಸುತ್ತಾರೆ. ಪೀಠದ ಪಕ್ಕದಲ್ಲಿ ವರ್ಷವಿಡೀ ಆರದೆ ಉರಿಯುವ ಕೆಂಪು ಗಾಜಿನ ದೀಪವೊಂದೇ ಉಳಿಯುತ್ತದೆ. ಫಾದರ್ ಅದರಿಂದ ಒಂದು ಬತ್ತಿ ಹೊತ್ತಿಸಿ ಬಾಲಯೇಸುವಿನ ಗೋದಲಿಯ ಮುಂದೆ ಹಿಡಿಯುತ್ತಾರೆ. ಆ ಕುಡಿಯಿಂದ ಮೊದಲ ಬೆಂಚಿನ ತುದಿಯವರು, ಅವರಿಂದ ಪಕ್ಕದವರು, ಅವರಿಂದ ಹಿಂದಿನವರು. ಹೀಗೆ ಬೆಳಕು ಕೆಮ್ಮುತ್ತ, ಎಡವುತ್ತ, ಎರಡು ಸಲ ಆರಿ ಮತ್ತೆ ಹತ್ತಿಕೊಂಡು ಬಾಗಿಲವರೆಗೂ ಹೋಗುತ್ತದೆ. ಫಾದರ್ ಪ್ರತಿ ವರ್ಷ ಹೇಳುವುದು ಅದನ್ನೇ: ಈ ಬೆಳಕನ್ನು ಯಾರೂ ಮನೆಯಿಂದ ತಂದದ್ದಲ್ಲ, ಯಾರೂ ತಾವೇ ಹೊತ್ತಿಸಿಕೊಂಡದ್ದಲ್ಲ; ದೇವರು ಮಗುವಾಗಿ ಬಂದದ್ದು ನಮಗೆ ಕೈಯೊಡ್ಡಿ ತೆಗೆದುಕೊಳ್ಳುವುದನ್ನು ಕಲಿಸಲಿಕ್ಕೆ.

ಈಗ ತಂಗಿಯ ವಿಷಯಕ್ಕೆ ಬರಬೇಕು. ಇಸ್ತ್ರಿಯಕ್ಕನಿಗೆ ಒಡಹುಟ್ಟಿದವಳು ಒಬ್ಬಳೇ, ಎರಡು ಬೀದಿ ಆಚೆ ಮನೆ, ಆಸ್ಪತ್ರೆಯಲ್ಲಿ ಆಯಾ ಕೆಲಸ. ಅಕ್ಕನ ನಾಲಿಗೆ ಎಷ್ಟು ಓಡುತ್ತದೋ ತಂಗಿಯದು ಅಷ್ಟೇ ಕೂತಿರುತ್ತದೆ. ಆದರೆ ಹಟ ಇಬ್ಬರಿಗೂ ಒಂದೇ ಅಳತೆ. ಅಮ್ಮ ಕೊನೆಯ ದಿನಗಳನ್ನು ಕಳೆದದ್ದು ತಂಗಿಯ ಮನೆಯಲ್ಲಿ. ಅಮ್ಮ ಹೋದಳೆಂದು ಸುದ್ದಿ ಬಂದಾಗ ಅಕ್ಕ ಅಳಲಿಲ್ಲ. ಅಮ್ಮನಿಗೆಂದು ತೆಗೆದಿಟ್ಟಿದ್ದ ಬಿಳಿ ಉಡುಪಿಗೆ ಗಂಜಿ ಹಾಕಿ, ಒಂದೊಂದು ನಿರಿಗೆಯನ್ನೂ ಎಳೆದು, ಕಾಲರು ಕತ್ತಿಯ ಹಾಗೆ ನಿಲ್ಲುವಂತೆ ಇಸ್ತ್ರಿ ಮಾಡಿದಳು. ಅವಳಿಗೆ ದುಃಖ ಪಡಲು ಗೊತ್ತಿದ್ದ ರೀತಿಯೇ ಅದು. ಉಡುಪನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಹೋಗಿ ನೋಡಿದರೆ ತಂಗಿ ಆಗಲೇ ಅಮ್ಮನಿಗೆ ಮೊಣಕೈಗೆ ತೇಪೆ ಹಾಕಿದ ಹಳೆಯ ನೀಲಿ ಉಡುಪು ತೊಡಿಸಿ ಮಲಗಿಸಿದ್ದಳು.

"ಭಿಕ್ಷುಕಿ ಥರ ಕಳಿಸ್ತಿದೀಯಲ್ಲೇ" ಎಂದಿದ್ದಳು ಅಕ್ಕ, ಬಂದ ಜನರೆಲ್ಲರ ಮುಂದೆ.

"ನೀನು ಇಸ್ತ್ರಿ ಮಾಡಿದ ಬಟ್ಟೆ ಅಮ್ಮಂಗೆ ಯಾವತ್ತೂ ಚುಚ್ತಿತ್ತು" ಎಂದಿದ್ದಳು ತಂಗಿ. "ನಿಂಗೆ ಹೇಳೋಕೆ ಹೆದರ್ತಿದ್ಲು."

ಸುಳ್ಳಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನಿಜವಾದ್ದರಿಂದ ಮಾತೇ ನಿಂತಿತು. ಅಂದಿನಿಂದ ತಂಗಿ ಅಂಗಡಿಯ ಮುಂದೆ ಹೋಗುವಾಗ ಎದುರು ಬದಿಗೆ ದಾಟಿಬಿಡುತ್ತಿದ್ದಳು. ತಂಗಿಯ ಗಂಡ ತನ್ನ ಅಂಗಿಗಳನ್ನು ಇಸ್ತ್ರಿಗೆ ತರುತ್ತಿದ್ದ, ಹೆಂಡತಿಯ ಬಟ್ಟೆಯ ಒಂದು ನೂಲು ಕೂಡ ತರುತ್ತಿರಲಿಲ್ಲ. ಯಾರೂ ಕೇಳದಿದ್ದರೂ "ಅವಳು ಚೆನ್ನಾಗಿದ್ದಾಳೆ" ಎಂದು ಇಸ್ತ್ರಿಪೆಟ್ಟಿಗೆಗೆ ಹೇಳಿ ಹೋಗುತ್ತಿದ್ದ.

ಆದರೆ ಚರ್ಚಿನಲ್ಲಿ ಅಮ್ಮನ ಬೆಂಚು ಒಂದಿತ್ತು, ಎಡಗಡೆ ಮುಂಭಾಗದಲ್ಲಿ. ಅದನ್ನು ಬಿಟ್ಟುಕೊಟ್ಟವರು ಸೋತ ಹಾಗೆ. ಹಾಗಾಗಿ ಇಬ್ಬರೂ ಅಲ್ಲೇ ಕೂರುತ್ತಿದ್ದರು: ನಡುದಾರಿಯ ಪಕ್ಕ ಅಕ್ಕ, ಆಚೆ ತಂಗಿ, ನಡುವೆ ಅಮ್ಮ ಕೂರುತ್ತಿದ್ದಷ್ಟು ಅಗಲದ ಜಾಗ ಖಾಲಿ. ವರ್ಷಕ್ಕೊಂದು ಸಲ, ಕ್ರಿಸ್ಮಸ್ ಪೂಜೆಯಲ್ಲಿ, ಬೆಳಕು ಮೊದಲು ಅಕ್ಕನ ಕೈಗೆ ಬರುತ್ತಿತ್ತು. ಅವಳು ಆ ಖಾಲಿ ಜಾಗದ ಮೇಲೆ ಕೈ ಚಾಚಬೇಕಿತ್ತು. ತಂಗಿ ತನ್ನ ಬತ್ತಿ ಬಾಗಿಸಬೇಕಿತ್ತು. ಬೇರೆಯವರ ಹತ್ತಿರ ತೆಗೆದುಕೊಳ್ಳೋಣವೆಂದರೆ ಆಚೆ ಗೋಡೆ.

ಮೊದಲ ವರ್ಷ ಇಸ್ತ್ರಿಯಕ್ಕನಿಗೆ ಅದು ಗೆಲುವಾಗಿ ಕಂಡಿತ್ತು: ಬಾಗಿದಳಲ್ಲ! ಆಮೇಲಾಮೇಲೆ ಅವಳಿಗೆ ಬಾಗುವುದು ಕಾಣುತ್ತಿರಲಿಲ್ಲ, ಮುಖವೊಂದೇ ಕಾಣುತ್ತಿತ್ತು. ಬತ್ತಿ ಹತ್ತಿಕೊಳ್ಳುವಷ್ಟು ಹೊತ್ತು ತಂಗಿಯ ಮುಖ ಕೆಳಗಿನಿಂದ ಬೆಳಗುತ್ತಿತ್ತು. ಒಂದು ವರ್ಷ ಕಿವಿಯ ಹತ್ತಿರ ನರೆ, ಮತ್ತೊಂದು ವರ್ಷ ಕಣ್ಣ ಕೆಳಗೆ ಗೆರೆ. ಮುಖ ಮೆಲ್ಲಗೆ ಅಮ್ಮನ ಮುಖವಾಗುತ್ತಿತ್ತು. ಹೋದ ವರ್ಷ ಮಾತ್ರ ಬೇರೊಂದು ನಡೆಯಿತು. ಬತ್ತಿ ಹತ್ತಿಕೊಂಡ ಮೇಲೂ ತಂಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಾಯಿ ತೆರೆದು "ಅಕ್ಕಾ" ಎಂದಳು. ಅಷ್ಟರಲ್ಲಿ ಹಾಡುವವರು ಎದ್ದುನಿಂತು ಶುರುಮಾಡಿಬಿಟ್ಟರು. ಆ ಹಾಡುವವರನ್ನು ಇಸ್ತ್ರಿಯಕ್ಕ ಇನ್ನೂ ಕ್ಷಮಿಸಿರಲಿಲ್ಲ.

ಮನೆಗೆ ಬಂದು ನೋಡಿದರೆ ಅವಳ ಕಪ್ಪು ಕೋಟಿನ ತೋಳಿನ ಮೇಲೆ ಮೇಣದ ಒಂದು ದೊಡ್ಡ ಹನಿ. ತಂಗಿಯ ಬತ್ತಿಯದು. ಅದನ್ನು ಅವಳು ತೆಗೆಯಲಿಲ್ಲ. ಇಡೀ ಊರಿನ ಮೇಣ ಕೆರೆಯುವವಳು ಒಂದು ವರ್ಷ ಆ ಕೋಟನ್ನು ಹಾಗೆಯೇ ಅಂಗಡಿಯ ಗೂಟಕ್ಕೆ ತೂಗುಹಾಕಿದ್ದಳು. ಗಿರಾಕಿಗಳು ಕಿಚಾಯಿಸಿದರೆ ಸ್ವಂತ ಕೆಲಸಕ್ಕೆ ಪುರುಸೊತ್ತೆಲ್ಲಿ ಎಂದು ಗೊಣಗುತ್ತಿದ್ದಳು. ಮುಂದಿನ ಕ್ರಿಸ್ಮಸ್‌ಗೆ ತಂಗಿ ಆ ಮಾತನ್ನು ಮುಗಿಸುತ್ತಾಳೆ ಎಂದು ಅವಳು ಕಾದಿದ್ದಳು. ಅಂಥ ನಿರೀಕ್ಷೆ ಅವಳಿಗಿದೆ ಎಂದು ಯಾರಾದರೂ ಹೇಳಿದ್ದರೆ ಅವರ ಅಂಗಿಯನ್ನು ಸುಟ್ಟೇ ಕೊಡುತ್ತಿದ್ದಳು.

ಹೀಗಿರುವಾಗ ಚರ್ಚಿನ ಸಮಿತಿಗೆ ಹೊಸ ಅಧ್ಯಕ್ಷರು ಬಂದರು. ಯಾವುದೋ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಕುರ್ಚಿ ಹೋದರೂ ಕೂರುವ ಭಂಗಿ ಹೋಗಿರಲಿಲ್ಲ. ನಿಂತಾಗಲೂ ಕೂತ ಹಾಗೆಯೇ ಕಾಣುತ್ತಿದ್ದರು. ನಮಸ್ಕಾರ ಹೇಳುವುದಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಕ್ರಿಸ್ಮಸ್ ಹತ್ತಿರ ಬಂದಾಗ ಒಂದು ಭಾನುವಾರ ಅವರು ಪೂಜೆಯ ಕೊನೆಗೆ ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಶುಭವಾರ್ತೆ ಇದೆ ಎಂದರು. ಈ ವರ್ಷದಿಂದ ಮೇಣದ ಬತ್ತಿ ಇಲ್ಲ. ಎಲ್ಲರಿಗೂ ಬ್ಯಾಟರಿ ಬತ್ತಿ. ಹೊಗೆಯಿಲ್ಲ, ಬೆಂಕಿಯ ಭಯವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಮೇಣವಿಲ್ಲ. ಮತ್ತು ಇವು ಅಂತಿಂಥ ಬತ್ತಿಗಳಲ್ಲ, ರಿಮೋಟಿನವು. ಪೀಠದ ಪಕ್ಕದಿಂದ ಒಂದೇ ಗುಂಡಿ ಒತ್ತಿದರೆ ಚರ್ಚಿನ ಅಷ್ಟೂ ಬತ್ತಿಗಳು ಒಟ್ಟಿಗೇ ಹತ್ತಿಕೊಳ್ಳುತ್ತವೆ. ಗುಂಡಿ ಒತ್ತುವವರು ಯಾರು ಎಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬೆಳಕಾಗಲಿ ಎನ್ನುವ, ಲೋಕಸೃಷ್ಟಿಯ ಮೊದಲ ದಿನದ ಕೆಲಸವನ್ನು ಅಧ್ಯಕ್ಷರು ಬೇರೆಯವರಿಗೆ ಬಿಡುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಇದು ನಮ್ಮ ಇಸ್ತ್ರಿಯಕ್ಕನವರ ಬಹುಕಾಲದ ಬೇಡಿಕೆ" ಎಂದು ಅವರು ಮುಗಿಸಿದರು. "ಅವರಿಗೆ ಸಮಿತಿಯ ಉಡುಗೊರೆ."

ಜನ ಚಪ್ಪಾಳೆ ತಟ್ಟಿದರು. ಇಸ್ತ್ರಿಯಕ್ಕ ಬೆಂಚಿನ ಮೇಲೆ ಕಲ್ಲಾದಳು. ಖಾಲಿ ಜಾಗದ ಆಚೆ ತಂಗಿ ಮುಂದಕ್ಕೇ ನೋಡುತ್ತಿದ್ದಳು. ಅವಳ ದವಡೆ ಒಮ್ಮೆ ಬಿಗಿಯಾದದ್ದು ಅಕ್ಕನಿಗೆ ಓರೆಗಣ್ಣಿನಲ್ಲಿ ಕಂಡಿತು. ಅಕ್ಕನೇ ಕೇಳಿಕೊಂಡದ್ದು, ಅಕ್ಕನೇ ಬೇಡವೆಂದದ್ದು, ವರ್ಷಕ್ಕೊಂದು ಸಲದ ಆ ಕೈಚಾಚುವುದನ್ನೂ. ತಂಗಿಗೆ ಹಾಗೆ ಅನ್ನಿಸದೆ ಇನ್ನು ಹೇಗೆ ಅನ್ನಿಸಬೇಕು?

ಮಾರನೆಯ ದಿನವೇ ಅವಳು ಸಮಿತಿಯ ಕೋಣೆಗೆ ಹೋದಳು. ಅಧ್ಯಕ್ಷರು ಕೃತಜ್ಞತೆ ಸ್ವೀಕರಿಸುವ ಮುಖ ಮಾಡಿಕೊಂಡು ಕೂತರು. ಅವಳು ಬ್ಯಾಟರಿ ಬತ್ತಿ ಬೇಡ ಎಂದಾಗ ಆ ಮುಖವನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ನೀವೇ ತಾನೇ ಮೇಣನ ಬೈತಿದ್ದದ್ದು?"

"ಬೈತಿದ್ದೆ. ಈಗ್ಲೂ ಬೈತೀನಿ. ನನ್ನ ಗಂಡನ್ನೂ ಇದ್ದಷ್ಟು ದಿನ ಬೈದಿದೀನಿ ಸಾರ್. ಅದಕ್ಕೆ ಅಂತ ಯಾರಾದ್ರೂ ಬಂದು ಬ್ಯಾಟರಿ ಗಂಡನ್ನ ಕೊಡ್ತಾರಾ?"

ಕಾರಣ ಹೇಳಿ ಎಂದು ಅಧ್ಯಕ್ಷರು ಕೇಳಿದರು. ನಿಜವಾದ ಕಾರಣ ಅಧ್ಯಕ್ಷರಿಗೆ ಹೇಳುವಂಥದ್ದಲ್ಲ. ಬದಲಿಗೆ ಅವಳು ಬ್ಯಾಟರಿ ಸೋರಿದರೆ ಬಟ್ಟೆಗೆ ತೂತು ಬೀಳುತ್ತದೆ ಎಂದಳು, ಪ್ಲಾಸ್ಟಿಕ್ ವಾಸನೆ ಎಂದಳು, ದೇವರಿಗೆ ರಿಮೋಟ್ ತೋರಿಸುವುದು ಮರ್ಯಾದೆಯಲ್ಲ ಎಂದಳು. ಒಂದೂ ನಿಲ್ಲಲಿಲ್ಲ. ಅಧ್ಯಕ್ಷರು ಬತ್ತಿಗಳೆಲ್ಲ ಬಂದಾಗಿದೆ, ನೋಡಮ್ಮ, ಕಾಲ ಮುಂದೆ ಹೋಗಬೇಕು ಎಂದರು. ಹೋಗಲಿ, ನಾನೇನು ಕಾಲದ ಕಾಲು ಹಿಡಿದುಕೊಂಡಿದ್ದೇನೆಯೇ ಎಂದು ಕೇಳಿ ಅವಳು ಬಾಗಿಲು ಎಳೆದುಕೊಂಡು ಹೊರಟಳು.

ಅಲ್ಲಿಂದ ನೇರ ಫಾದರ್ ಹತ್ತಿರ. ಫಾದರ್ ಒಳ್ಳೆಯ ಮನುಷ್ಯ, ಆದರೆ ಜಗಳ ಎಂದರೆ ಅವರಿಗೆ ಹೊಟ್ಟೆ ನೋವು ಬರುತ್ತಿತ್ತು. ಅವಳು ಕೂರದೆಯೇ ಶುರುಮಾಡಿದಳು. ಪ್ರತಿ ವರ್ಷ ನೀವು ಏನು ಹೇಳುತ್ತೀರಿ? ಈ ಬೆಳಕನ್ನು ಯಾರೂ ತಾವೇ ಹೊತ್ತಿಸಿಕೊಂಡದ್ದಲ್ಲ, ಇನ್ನೊಬ್ಬರಿಂದ ತೆಗೆದುಕೊಂಡದ್ದು ಎನ್ನುತ್ತೀರಿ. ಗುಂಡಿಯ ಬೆಳಕನ್ನು ಯಾರು ಯಾರಿಂದ ತೆಗೆದುಕೊಂಡ ಹಾಗಾಯಿತು?

ಫಾದರ್‌ಗೆ ಸಂತೋಷವೇ ಆಯಿತು. ತಮ್ಮ ಪ್ರಸಂಗ ಒಬ್ಬರಿಗಾದರೂ ನೆನಪಿದೆಯಲ್ಲ ಎಂದರು.

"ವರ್ಷಾ ವರ್ಷಾ ಅದನ್ನೇ ಹೇಳಿದ್ರೆ ನೆನಪಿಲ್ದೆ ಏನು ಫಾದರ್" ಎಂದಳು ಅವಳು.

ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ, ಮೇಜಿನ ಮೇಲಿನ ಪೆನ್ನನ್ನು ಆಚೆ ಈಚೆ ಸರಿಸಿದರು. ಪೀಠದ ಹತ್ತಿರ ನಿಂತವರಿಗೆ ಮುಂದಿನ ಬೆಂಚುಗಳು ಚೆನ್ನಾಗಿ ಕಾಣುತ್ತವೆ.

"ತಂಗಿ ಜೊತೆ ನೀವೇ ಒಂದು ಮಾತಾಡಿಬಿಡಬಹುದಲ್ಲಕ್ಕ" ಎಂದರು ಮೆಲ್ಲಗೆ.

"ಮಾತಾಡೋಕೆ ಆಗೋದಾಗಿದ್ರೆ ಮೇಣದಬತ್ತಿ ಯಾಕೆ ಬೇಕಿತ್ತು?"

ಸಮಿತಿ ತೀರ್ಮಾನ ಮಾಡಿಬಿಟ್ಟಿದೆ, ತಾನೇನು ಮಾಡಲಿ ಎಂದರು ಫಾದರ್. ಆದರೆ ಕೆಂಪು ದೀಪ ಇದ್ದೇ ಇರುತ್ತದೆ, ಅದಕ್ಕೆ ಬ್ಯಾಟರಿ ಹಾಕಲು ತಾನು ಬಿಡುವುದಿಲ್ಲ ಎಂದೂ ಸೇರಿಸಿದರು. ಹೊಟ್ಟೆ ನೋವಿನ ಮನುಷ್ಯನಿಂದ ಅಷ್ಟು ಬಂದದ್ದೇ ದೊಡ್ಡದು.

ಹೊರಗೆ ಬರುವಾಗ ಇಸ್ತ್ರಿಯಕ್ಕ ತೀರ್ಮಾನ ಮಾಡಿಯಾಗಿತ್ತು. ಅವರು ಸಾವಿರ ಬತ್ತಿ ಉರಿಸಲಿ. ತನ್ನ ಕೈಯಲ್ಲಿ ಮೇಣದ್ದೇ ಇರುತ್ತದೆ. ಬೆಂಕಿಪೊಟ್ಟಣ ಒಯ್ಯುವುದಿಲ್ಲ, ತಾನಾಗಿ ಹೊತ್ತಿಸುವುದಿಲ್ಲ. ಎದ್ದು ಹೋಗಿ ಕೇಳುವುದೂ ಇಲ್ಲ. ಬೆಳಕು ಬರಬೇಕಾದ ಹಾಗೆ ಬಂದರೆ ಉರಿಯುತ್ತದೆ, ಇಲ್ಲವಾದರೆ ಇಡೀ ಚರ್ಚಿನ ಮುಂದೆ ಉರಿಯದೆ ಕೂರುತ್ತದೆ. ನೋಡಲಿ ಎಲ್ಲರೂ.

ಕ್ರಿಸ್ಮಸ್ ಹಿಂದಿನ ದಿನ ಅವಳು ಅಂಗಡಿ ಬೇಗ ಮುಚ್ಚಿ, ಕಲೆಯಿರುವ ಕಪ್ಪು ಕೋಟನ್ನೇ ತೊಟ್ಟು, ಡಬ್ಬಿ ಹಿಡಿದುಕೊಂಡು ಚರ್ಚಿನ ಬಾಗಿಲಲ್ಲಿ ನಿಂತಳು. ಬಾಗಿಲಿನ ಒಂದು ಬದಿಗೆ ಅಧ್ಯಕ್ಷರ ಹೆಂಡತಿ ಬ್ಯಾಟರಿ ಬತ್ತಿಗಳ ಬುಟ್ಟಿ ಹಿಡಿದು ನಿಂತಿದ್ದರು. ಇನ್ನೊಂದು ಬದಿಗೆ ಇಸ್ತ್ರಿಯಕ್ಕ ಡಬ್ಬಿಯ ಮುಚ್ಚಳ ತೆಗೆದಳು. "ತಗೊಳ್ಳಿ. ನಿಮ್ಮದೇ. ನಿಮ್ಮ ಜೇಬಲ್ಲೇ ಸಿಕ್ಕಿದ್ದು" ಎಂದು ಬಂದವರ ಅಂಗೈಗೆ ಒಂದೊಂದು ತುಂಡು ಒತ್ತಿದಳು. ಅವಳ ಕೈಯಲ್ಲಿ ತಮ್ಮ ಕಾಲರಿನ ಮರ್ಯಾದೆ ಇದ್ದುದರಿಂದ ಬೇಡ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ತೆಗೆದುಕೊಂಡರು, ನಕ್ಕರು, ಆಚೆ ತಿರುಗಿ ಬ್ಯಾಟರಿ ಬತ್ತಿಯನ್ನೂ ತೆಗೆದುಕೊಂಡರು, ಮೇಣದ ತುಂಡನ್ನು ಮೊದಲಿನ ಹಾಗೆಯೇ ಜೇಬಿಗೆ ಇಳಿಸಿದರು. ಇಸ್ತ್ರಿಯಕ್ಕ ನೋಡುತ್ತಲೇ ಇದ್ದಳು. ಒಳಗೆ ಹೋಗುತ್ತಿದ್ದ ಫಾದರ್‌ಗೂ ಒಂದು ಕೊಟ್ಟಳು. ಅವರೂ ಜೇಬಿಗೇ ಹಾಕಿದರು.

ಅಧ್ಯಕ್ಷರು ಬಂದು ಗಂಟಲು ಸರಿಮಾಡಿಕೊಂಡು ಬೆಂಕಿ ಬಿದ್ದರೆ ಯಾರು ಹೊಣೆ ಎಂದು ಕೇಳಿದರು.

"ಇಷ್ಟು ವರ್ಷ ಬೀಳದ ಬೆಂಕಿ ನೀವು ಅಧ್ಯಕ್ಷರಾದ್ರಿ ಅಂತ ಬೀಳುತ್ತಾ?" ಎಂದು ಅವರ ಕೈಗೂ ಒಂದು ತುಂಡು ಇಟ್ಟಳು. ಎಸೆಯೋಣವೆಂದರೆ ಜನ ನೋಡುತ್ತಿದ್ದರು. ಅವರು ಅದನ್ನು ಹಿಡಿದುಕೊಂಡೇ ಒಳಗೆ ಹೋದರು.

ಆಮೇಲೆ ತಂಗಿ ಬಂದಳು, ಬೂದು ಬಣ್ಣದ ಹಳೆಯ ಕೋಟು ತೊಟ್ಟು. ಇಸ್ತ್ರಿಯಕ್ಕ ಡಬ್ಬಿಯನ್ನು ಮುಂದಕ್ಕೆ ಹಿಡಿದು ಬೇರೆ ಕಡೆ ನೋಡಿದಳು. ಡಬ್ಬಿಯೊಳಗೆ ಕೈ ಬರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ತಂಗಿ ಬುಟ್ಟಿಯಿಂದ ಬ್ಯಾಟರಿ ಬತ್ತಿ ತೆಗೆದುಕೊಂಡು ಒಳಗೆ ನಡೆದಿದ್ದಳು.

ಸರಿ ಹಾಗಾದರೆ, ಎಂದುಕೊಂಡಳು ಇಸ್ತ್ರಿಯಕ್ಕ. ಡಬ್ಬಿಯ ಮುಚ್ಚಳ ಹಾಕಿದಳು. ಆದರೂ ಹೋಗಿ ತನ್ನ ಜಾಗದಲ್ಲೇ ಕೂತಳು, ಬೆನ್ನು ನೆಟ್ಟಗೆ, ಮೇಣದ ಬತ್ತಿ ಇನ್ನೂ ನೆಟ್ಟಗೆ.

ದೀಪಗಳು ಆರಿದವು. ಇತರ ವರ್ಷ ಆ ಕತ್ತಲಿಗೆ ಒಂದು ಉದ್ದವಿರುತ್ತಿತ್ತು. ಕೆಮ್ಮು, ಬೆಂಚಿನ ಕಿರುಗುಟ್ಟುವಿಕೆ, ಯಾರದೋ ನಿಟ್ಟುಸಿರು, ದೂರದಲ್ಲಿ ಅಲೆಯುತ್ತ ಬರುವ ಒಂದು ಕುಡಿ. ಈ ಸಲ ಅಧ್ಯಕ್ಷರಿಗೆ ಗುಂಡಿ ಸಿಗುವಷ್ಟು ಹೊತ್ತು ಮಾತ್ರ ಕತ್ತಲಿತ್ತು. ಫಕ್ಕನೆ ಚರ್ಚಿನ ತುಂಬ ಬೆಳಕು. ಓಹೋ ಎಂಬ ಉದ್ಗಾರ, ಅಲ್ಲಲ್ಲಿ ಚಪ್ಪಾಳೆ. ಬತ್ತಿಗಳು ನಿಜವಾದವುಗಳ ಹಾಗೆ ನಡುಗಲಿ ಎಂದು ತಯಾರಿಸಿದವರು ಅವಕ್ಕೆ ನಡುಕವನ್ನೂ ಕೊಟ್ಟಿದ್ದರು. ಅಷ್ಟೂ ಬತ್ತಿಗಳು ಕವಾಯತು ಮಾಡುವವರಂತೆ ಒಂದೇ ತಾಳಕ್ಕೆ ನಡುಗುತ್ತಿದ್ದವು. ಯಾರೂ ಯಾರ ಕಡೆಗೂ ತಿರುಗಲಿಲ್ಲ. ಎಲ್ಲರೂ ಸಿನೆಮಾ ನೋಡುವ ಹಾಗೆ ಮುಂದಕ್ಕೆ, ಅಧ್ಯಕ್ಷರನ್ನೇ ನೋಡುತ್ತಿದ್ದರು. ಅಷ್ಟು ಬೆಳಕಿದ್ದರೂ ಇಸ್ತ್ರಿಯಕ್ಕನಿಗೆ ತಂಗಿಯ ಮುಖ ಕಾಣಲಿಲ್ಲ.

ಅಧ್ಯಕ್ಷರಿಗೆ ಮಾತ್ರ ಎಡಗಡೆ ಮುಂದೆ ಒಂದು ಕಪ್ಪು ಜಾಗ ಕಂಡಿತು. ಒಂದು ಬತ್ತಿ ಹತ್ತಿಲ್ಲ. ಯಂತ್ರದ ದೋಷ ಎಂದುಕೊಂಡರು. ರಿಮೋಟನ್ನು ಇಸ್ತ್ರಿಯಕ್ಕನ ಕಡೆಗೇ ಗುರಿಹಿಡಿದು ಮತ್ತೆ ಒತ್ತಿದರು.

ಹತ್ತಿಸುವ ಗುಂಡಿಯೇ ಆರಿಸುವ ಗುಂಡಿ. ಇಡೀ ಚರ್ಚು ಕತ್ತಲಾಯಿತು.

ಕತ್ತಲಲ್ಲಿ ಉಳಿದದ್ದು ಪೀಠದ ಪಕ್ಕದ ಕೆಂಪು ದೀಪವೊಂದೇ. ಇಸ್ತ್ರಿಯಕ್ಕನಿಗೆ ಪಕ್ಕದಲ್ಲಿ ಬಟ್ಟೆಯ ಸದ್ದು ಕೇಳಿಸಿತು, ಯಾರೋ ಅವಳ ಮಂಡಿ ಸವರಿಕೊಂಡು ದಾಟಿದರು. ಅಧ್ಯಕ್ಷರು ಗಾಬರಿಯಿಂದ ಮತ್ತೆ ಒತ್ತಿದಾಗ ಬೆಳಕು ಬಂತು. ಎಲ್ಲರಿಗೂ ಕಂಡದ್ದು: ಅಮ್ಮನ ಖಾಲಿ ಜಾಗದಲ್ಲಿ ತಂಗಿಯ ಬ್ಯಾಟರಿ ಬತ್ತಿ ಒಂಟಿಯಾಗಿ ಮಿನುಗುತ್ತಿದೆ. ತಂಗಿ ನಡುದಾರಿಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುವ ಹಾಗೆ ಸದ್ದಿಲ್ಲದೆ, ಪೀಠದ ಕಡೆಗೆ ಹೋಗುತ್ತಿದ್ದಾಳೆ.

ಅವಳು ಕೋಟಿನ ಜೇಬಿಗೆ ಕೈ ಹಾಕಿ ಒಂದು ಮೇಣದ ತುಂಡು ತೆಗೆದಳು. ಹೋದ ವರ್ಷದ್ದು. ಊರಿನವರ ಜೇಬಿನ ತುಂಡುಗಳೆಲ್ಲ ಇಸ್ತ್ರಿಯಕ್ಕನ ಡಬ್ಬಿ ಸೇರಿದ್ದವು. ಇಸ್ತ್ರಿಯಕ್ಕನ ಅಂಗಡಿಗೆ ಎಂದೂ ಬಾರದ ಕೋಟು ಆ ಒಂದೇ, ಹಾಗಾಗಿ ಅದರ ಜೇಬಿನಲ್ಲಿ ಬೆಳಕು ಹಾಗೆಯೇ ಉಳಿದಿತ್ತು. ಫಾದರ್ ಕೆಂಪು ಗಾಜನ್ನು ಮೇಲಕ್ಕೆತ್ತಿ ಹಿಡಿದರು. ಅವಳು ತುಂಡನ್ನು ಬಾಗಿಸಿ ಹೊತ್ತಿಸಿಕೊಂಡು, ಗೋದಲಿಯ ಮುಂದೆ ಒಂದು ಗಳಿಗೆ ನಿಂತು, ಅಂಗೈ ಮರೆಮಾಡಿಕೊಂಡು ಹಿಂದಕ್ಕೆ ಬಂದಳು.

ದಯವಿಟ್ಟು ಎಲ್ಲರೂ ಅವರವರ ಜಾಗದಲ್ಲಿ, ಎಂದು ಅಧ್ಯಕ್ಷರು ಮೈಕಿನಲ್ಲಿ ಶುರುಮಾಡಿದರು. ವಾಕ್ಯ ಮುಗಿಯಲಿಲ್ಲ.

ತಂಗಿ ತನ್ನ ಜಾಗಕ್ಕೆ ಹೋಗಲಿಲ್ಲ. ಬ್ಯಾಟರಿ ಬತ್ತಿಯನ್ನು ಎತ್ತಿ ನೆಲದ ಮೇಲಿಟ್ಟು ಅಮ್ಮನ ಜಾಗದಲ್ಲಿ ಕೂತಳು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಉರಿಯುವ ತುಂಡನ್ನು ನೆಟ್ಟಗೆ ಹಿಡಿದಳು. ಇಸ್ತ್ರಿಯಕ್ಕನೂ ಉರಿಯದ ಬತ್ತಿಯನ್ನು ನೆಟ್ಟಗೇ ಹಿಡಿದಿದ್ದಳು. ಇಷ್ಟು ವರ್ಷ ತಂಗಿಗೆ ಕೊಟ್ಟ ಕೈಗೆ ಅವಳ ಮುಂದೆ ಬಾಗುವುದು ಹೇಗೆಂದು ಗೊತ್ತಿರಲಿಲ್ಲ. ಎರಡು ಬತ್ತಿಗಳು ಎದುರುಬದುರು ಗದರಿಕೊಳ್ಳುವ ಹಾಗೆ ನಿಂತವು. ಒಂದರಿಂದ ಮೇಣ ಇಳಿದು ತಂಗಿಯ ಬೆರಳಿನ ಮೇಲೆ ಹರಿಯಿತು, ಅವಳು ಅಲ್ಲಾಡಲಿಲ್ಲ.

"ಬಾಗಿಸೇ" ಎಂದಳು ತಂಗಿ. "ನಿಂದೇ ಕಾನೂನು."

ಇಸ್ತ್ರಿಯಕ್ಕ ಬಾಗಿಸಿದಳು. ಬತ್ತಿ ತುಸು ಹೊಗೆಯಾಡಿ, ಚಿಟ್ ಎಂದು, ಹತ್ತಿಕೊಂಡಿತು. ತಂಗಿಯ ಮುಖ ಕಂಡಿತು. ಎಷ್ಟು ಹತ್ತಿರವಿತ್ತೆಂದರೆ ನರೆ, ಗೆರೆ, ಅಮ್ಮ ಎಲ್ಲ ಒಟ್ಟಿಗೇ ಕಂಡವು. ಎಷ್ಟು ಹೊತ್ತು ಹಾಗೆ ಬಾಗಿಸಿಕೊಂಡೇ ಇದ್ದಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಅವಳು ಎದ್ದುನಿಂತು ಹಿಂದಿನ ಬೆಂಚಿನ ಕಡೆಗೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಅದರ ಸುಳಿವೇ ಇರಲಿಲ್ಲ.

"ಏನು ನೋಡ್ತಿದೀರಿ? ಜೇಬಲ್ಲಿರೋದನ್ನ ತೆಗೀರಿ" ಎಂದು ಪಿಸುಗುಟ್ಟಿದಳು. ಕೊನೆಯ ಬೆಂಚಿನವರಿಗೂ ಕೇಳಿಸಿತು.

ಎಲ್ಲರೂ ತೆಗೆದರು ಎಂದರೆ ಸುಳ್ಳಾಗುತ್ತದೆ. ಕೆಲವರು ಬ್ಯಾಟರಿಯವನ್ನೇ ಹಿಡಿದು ಕೂತರು. ಆದರೆ ಹಿಂದಿನ ಬೆಂಚಿನ ಮುದುಕ ಒಂದು ತುಂಡು ಬಾಗಿಸಿದ, ಅವನಿಂದ ಅವನ ಸೊಸೆ. ಬೆಳಕು ಹಳೆಯ ಚಾಳಿಯಂತೆ ಕೆಮ್ಮುತ್ತ, ಎಡವುತ್ತ, ಬೆಂಚಿನಿಂದ ಬೆಂಚಿಗೆ ಹೊರಟಿತು. ಫಾದರ್ ತಮ್ಮ ಜೇಬಿನ ತುಂಡನ್ನು ಹುಡುಕಿ ತೆಗೆದರು. ಅಧ್ಯಕ್ಷರು ಇನ್ನೊಂದು ಸಲ ಗುಂಡಿ ಒತ್ತಿದರು. ಬ್ಯಾಟರಿಯವೆಲ್ಲ ಆರಿದವು. ಮತ್ತೆ ಹತ್ತಿಸಲು ಒತ್ತಬೇಕೆನ್ನುವಾಗ ಅವರ ಹೆಂಡತಿ, ಉರಿಯುವ ಒಂದು ತುಂಡು ಹಿಡಿದುಕೊಂಡು ಪಕ್ಕದಲ್ಲಿ ಬಂದು ನಿಂತು, ಸುಮ್ಮನೆ ಇರೀಂದ್ರೆ ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಹಬ್ಬ ಕಳೆದು ಅಂಗಡಿ ತೆರೆದ ದಿನ ಇಸ್ತ್ರಿಯಕ್ಕ ಬೆಳಗಿನಿಂದ ಬಾಯಿಗೆ ಬಿಡುವಿಲ್ಲದೆ ಬೈಯುತ್ತಿದ್ದಳು. ಕೋಟುಗಳು ಮೇಜಿನ ಮೇಲೆ ಗುಡ್ಡವಾಗಿದ್ದವು. ಅಧ್ಯಕ್ಷರ ಕೋಟನ್ನು ಅವರ ಹೆಂಡತಿ ತಂದುಕೊಟ್ಟು, ಯಾರೋ ಪಕ್ಕದವರು ಬೀಳಿಸಿದ್ದಂತೆ ಎಂದು ಹ್ಯಾಪುಮೋರೆ ಮಾಡಿ ಹೋಗಿದ್ದರು. ತೋಳಿನ ತುದಿಯ ಮೇಲೆ ಮೇಣ. ಜೇಬು ತಡಕಿದರೆ ಒಂದು ರಿಮೋಟು, ಅದರ ಜೊತೆಗೆ ಬತ್ತಿಯ ತುದಿ ಕಪ್ಪಗಾದ ಒಂದು ತುಂಡು. ಇಸ್ತ್ರಿಯಕ್ಕ ತುಂಡನ್ನು ಡಬ್ಬಿಗೆ ಹಾಕಿದಳು. ರಿಮೋಟನ್ನು ಒರೆಸಿ ಜೇಬಿಗೇ ವಾಪಸು ಇಟ್ಟಳು. ಅದರ ಬಗ್ಗೆ ಯಾರಿಗೂ ಹೇಳಲಿಲ್ಲ. ಹೆಂಡದ ಕಲೆಯ ಲೆಕ್ಕಕ್ಕೇ ಅದನ್ನೂ ಸೇರಿಸಿದಳು.

ಮಧ್ಯಾಹ್ನ ಹಳೆಯ ಯಂತ್ರ ಗಡಗಡ ಎನ್ನುತ್ತ ಮೇಜಿನ ಕಡೆಗೆ ನಡೆದುಬರುವಾಗ ಹೊಸ್ತಿಲಲ್ಲಿ ತಂಗಿ ನಿಂತಿದ್ದಳು. ಕೈಯಲ್ಲಿ ಬೂದು ಬಣ್ಣದ ಕೋಟು.

"ತೋಳಿನ ಮೇಲೆ ಬಿದ್ದಿದೆ" ಎಂದಳು. "ನಿನ್ನ ಬತ್ತಿದೇ."

ಇಸ್ತ್ರಿಯಕ್ಕ ಯಂತ್ರವನ್ನು ಮಂಡಿಯಿಂದ ತಡೆದಳು. ಕೋಟು ತೆಗೆದುಕೊಂಡಳು. ಬಟ್ಟೆಯ ಮೇಲೆ ಕೈಯಾಡಿಸಿ, ಗಂಜಿ ಹಾಕಬೇಡವೇ ಎಂದು ಕೇಳಿದಳು. ಕೋಟಿಗೆ ಯಾರೂ ಗಂಜಿ ಹಾಕುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಾಕಬೇಡ ಎಂದಳು ತಂಗಿ, ಮೆತ್ತಗಿರಲಿ. ಸರಿ ಎಂದಳು ಅಕ್ಕ.

ಚಾಕುವಿನ ಬೆನ್ನಿನಿಂದ ಹನಿಯನ್ನು ಕೆರೆದು, ಕಂದು ಕಾಗದ ಹಾಸಿ, ಇಸ್ತ್ರಿ ಒತ್ತಿದಳು. ಕಾಗದದ ಮೇಲೆ ಮೇಣ ಒದ್ದೆಯ ಹಾಗೆ ಹರಡತೊಡಗಿತು. ಅದನ್ನೇ ನೋಡುತ್ತ, ತಲೆ ಎತ್ತದೆ, ಒಂದು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು.

"ಹೋದ ವರ್ಷ ಅಕ್ಕಾ ಅಂತ ಏನೋ ಹೇಳೋಕೆ ಬಂದ್ಯಲ್ಲ. ಏನದು?"

ತಂಗಿ ಯೋಚಿಸಿದಳು. ಆಮೇಲೆ ಗೂಟದ ಮೇಲಿನ ಕಪ್ಪು ಕೋಟು ಅವಳ ಕಣ್ಣಿಗೆ ಬಿತ್ತು, ಅದರ ತೋಳಿನ ಮೇಲಿನ ಹನಿಯೂ.

"ನಿನ್ನ ತೋಳಿನ ಮೇಲೆ ಮೇಣ ಬೀಳ್ತಿದೆ ಅಂತ" ಎಂದಳು.

ಇಸ್ತ್ರಿಯಕ್ಕ ಇಸ್ತ್ರಿಯನ್ನು ಕಾಗದದಿಂದ ಮೇಲಕ್ಕೆತ್ತಿದಳು. "ಅಷ್ಟೇನಾ?"

"ಅಷ್ಟೇ. ಹಾಡು ಶುರುವಾಯ್ತು. ಅಲ್ಲ, ಇನ್ನೂ ತೆಗ್ದೇ ಇಲ್ವಲ್ಲೇ ಅದನ್ನ?"

"ನಂಗೆ ಸ್ವಂತ ಕೆಲಸಕ್ಕೆ ಪುರುಸೊತ್ತೆಲ್ಲಿ" ಎಂದಳು ಇಸ್ತ್ರಿಯಕ್ಕ. ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ತಂಗಿಯ ಕಡೆಗೆ ತಳ್ಳಿದಳು. ಕಾಗದದ ಒಣಗಿದ ಭಾಗವನ್ನು ಹನಿಯ ಮೇಲಕ್ಕೆ ಸರಿಸಿ, ಇಸ್ತ್ರಿಯನ್ನು ಬೇಕಾದ್ದಕ್ಕಿಂತ ಮೆಲ್ಲಗೆ ಒತ್ತುತ್ತ, ಮೇಣವನ್ನೂ ಅಧ್ಯಕ್ಷರನ್ನೂ ಹಾಡುವವರನ್ನೂ ಮೊದಲಿನಿಂದ ಬೈಯಲು ಶುರುಮಾಡಿದಳು.